ಮೋಟರ್‌ಹೋಮ್‌ನ ಶವರ್ ಟ್ರೇ ಬಿರುಕು ಬಿಟ್ಟಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆ ಮತ್ತು ಪಿಂಪ್ರಿ-ಚಿಂಚ್‌ವಡದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಟ್ರಾವೆಲರ್ ಅಥವಾ ವಿಂಗರ್ ವ್ಯಾನನ್ನು ಮೋಟರ್‌ಹೋಮ್, ಅಂದರೆ ಓಡಾಡುವ ಮನೆ, ಮಾಡಿಸಿಕೊಂಡು ರಜೆ ಬಂತೆಂದರೆ ದಾಂಡೇಲಿ, ಗೋಕರ್ಣ, ಹಂಪಿಯ ಕಡೆಗೆ ಹೊರಡುವವರು ಕೆಲವರಿದ್ದೇವೆ. ನಮ್ಮ ವಾಹನದ ಶವರ್ ಟ್ರೇ, ಅಂದರೆ ಬಚ್ಚಲಿನ ನೆಲವಾಗಿರುವ ತಗ್ಗಾದ ತಟ್ಟೆ, ಮೂರನೆಯ ವರ್ಷಕ್ಕೆ ಬಿರುಕು ಬಿಟ್ಟಿತು. ಅದನ್ನು ಎರಡು ಸಲ ಮೇಲಿನಿಂದ ಮುಚ್ಚಿದೆ, ಎರಡು ಸಲವೂ ಬಾಯಿ ಬಿಟ್ಟಿತು. ಮೂರನೆಯ ಸಲ ಟ್ರೇಯನ್ನು ಪೂರ್ತಿ ಎತ್ತಿ ನೋಡಿದಾಗಲೇ ಅರ್ಥವಾದದ್ದು, ಬಿರುಕು ಮೇಲೆ ಕಂಡರೂ ಅದರ ಕಾರಣ ಅಡಿಯಲ್ಲಿರುತ್ತದೆ ಎಂಬುದು. ಆ ಬಳಿಕ ಗೆಳೆಯರು ಕೇಳುತ್ತ ಬಂದ ಪ್ರಶ್ನೆಗಳಿಗೆ ನಾನು ಕೊಟ್ಟ ಉತ್ತರಗಳು ಇಲ್ಲಿವೆ.

ಟ್ರೇಯ ಮೇಲೆ ಕೂದಲೆಳೆಯಂಥ ಗೆರೆಯೊಂದು ಕಾಣುತ್ತಿದೆ. ಅದು ಬರೀ ಗೀರೋ, ನಿಜವಾದ ಬಿರುಕೋ?

ಟ್ರೇಯನ್ನು ಒಣ ಬಟ್ಟೆಯಿಂದ ಒರೆಸಿ, ಗೆರೆಯ ಪಕ್ಕದಲ್ಲಿ ಹೆಬ್ಬೆರಳನ್ನು ಬಲವಾಗಿ ಒತ್ತಿ ನೋಡಿರಿ. ಗೀರಾಗಿದ್ದರೆ ಏನೂ ಆಗುವುದಿಲ್ಲ. ಬಿರುಕಾಗಿದ್ದರೆ ಅದರ ಎರಡು ತುಟಿಗಳು ಒಂದಕ್ಕಿಂತ ಒಂದು ಮೇಲೆ ಕೆಳಗೆ ಸರಿಯುತ್ತವೆ. ಒಳಗೆ ನೀರು ಸೇರಿದ್ದರೆ ಒತ್ತಿದಾಗ ಸಾಸಿವೆ ಕಾಳಿನಷ್ಟು ಸಾಬೂನು ನೀರು ಗೆರೆಯುದ್ದಕ್ಕೂ ಮೇಲೇಳುತ್ತದೆ, ಬೆರಳು ತೆಗೆದೊಡನೆ ಮತ್ತೆ ಒಳಗೆ ಹೀರಿಕೊಳ್ಳುತ್ತದೆ. ನಮ್ಮ ಟ್ರೇಯಲ್ಲಿ ನಾನು ಮೊದಲು ಕಂಡದ್ದು ಇದನ್ನೇ. ಇನ್ನೂ ಸಂಶಯವಿದ್ದರೆ ಗೆರೆಯ ಮೇಲೆ ಶಾಯಿ ಹಚ್ಚಿ ತಕ್ಷಣ ಒರೆಸಿರಿ. ಗೀರಿನಲ್ಲಿ ಶಾಯಿ ಮಸುಕಾಗಿ ಉಳಿದರೆ, ಬಿರುಕಿನಲ್ಲಿ ಕಪ್ಪು ದಾರದಂತೆ ನಿಲ್ಲುತ್ತದೆ, ಮತ್ತು ಅದರ ತುದಿ ನಾವು ಅಂದುಕೊಂಡದ್ದಕ್ಕಿಂತ ಮುಂದಿರುವುದು ಆಗ ತಿಳಿಯುತ್ತದೆ.

ನೆಲ ಒದ್ದೆಯಾಗುತ್ತಿದೆ, ಆದರೆ ಟ್ರೇಯಲ್ಲಿ ಬಿರುಕು ಕಾಣುವುದಿಲ್ಲ. ಸೋರುವುದು ಎಲ್ಲಿಂದ?

ವಾಹನವನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ನೀರು ಹೋಗುವ ತೂತನ್ನು ಬಿರಡೆಯಿಂದ ಮುಚ್ಚಿ, ಟ್ರೇಯಲ್ಲಿ ಎರಡು ಸೆಂಟಿಮೀಟರ್ ನೀರು ತುಂಬಿ, ಅಡುಗೆಯ ಬಣ್ಣವನ್ನು ಸ್ವಲ್ಪ ಬೆರೆಸಿ ಒಂದು ಗಂಟೆ ಬಿಡಿರಿ. ನೀರಿನ ಮಟ್ಟ ಇಳಿದರೆ, ಇಲ್ಲವೇ ಅಡಿಯಲ್ಲಿ ಬಣ್ಣದ ನೀರು ಕಂಡರೆ ಸೋರುವುದು ಟ್ರೇ. ಮಟ್ಟ ಇಳಿಯದೆ, ಬಿರಡೆ ತೆಗೆದ ಮೇಲೆ ಸೋರಿದರೆ ದೋಷ ತೂತನ್ನು ಪೈಪಿಗೆ ಜೋಡಿಸುವ ವೇಸ್ಟ್ ಕಪ್ಲಿಂಗ್‌ನಲ್ಲಿ ಅಥವಾ ಅದರ ಕೆಳಗಿನ ಪೈಪಿನಲ್ಲಿದೆ. ಎರಡೂ ಇಲ್ಲದಿದ್ದರೆ ಗೋಡೆ ಮತ್ತು ಟ್ರೇ ಸೇರುವ ಅಂಚಿನ ಸಿಲಿಕಾನ್ ಬಿಟ್ಟುಕೊಂಡಿರುತ್ತದೆ; ಶವರ್‌ನ ನೀರನ್ನು ಗೋಡೆಯ ಮೇಲೆ ಮಾತ್ರ ಬಿಟ್ಟರೆ ಅದು ಗೊತ್ತಾಗುತ್ತದೆ. ಈ ಪರೀಕ್ಷೆ ಮಾಡದೆ ಟ್ರೇಯನ್ನು ಕಳಚಬೇಡಿರಿ.

ಮನೆಯ ಬಚ್ಚಲು ಹತ್ತಾರು ವರ್ಷ ಬಾಳುವಾಗ ವಾಹನದ ಟ್ರೇ ಮಾತ್ರ ಏಕೆ ಇಷ್ಟು ಬೇಗ ಬಿರಿಯುತ್ತದೆ?

ಈ ಪ್ರಶ್ನೆಗೆ ಉತ್ತರ ಸರಿಯಾಗಿ ತಿಳಿದರೆ ದುರಸ್ತಿಯ ಅರ್ಧ ಕೆಲಸ ಮುಗಿದಂತೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ವಾಹನದ ಟ್ರೇಗಳಲ್ಲಿ ಬಹುಪಾಲು ಎಬಿಎಸ್ ಎಂಬ ಪ್ಲಾಸ್ಟಿಕ್ಕಿನ ಹಾಳೆಯನ್ನು ಕಾಯಿಸಿ ಅಚ್ಚಿನ ಮೇಲೆ ಎಳೆದು ಮಾಡಿದವು. ಹಾಳೆ ಅಚ್ಚಿನೊಳಗೆ ಇಳಿಯುವಾಗ ಹಿಗ್ಗುತ್ತದೆ, ಹಿಗ್ಗಿದಲ್ಲಿ ತೆಳುವಾಗುತ್ತದೆ; ಹೀಗಾಗಿ ಮೂರು ಮಿಲಿಮೀಟರ್ ದಪ್ಪದ ಹಾಳೆ ಆಳವಾದ ಮೂಲೆಗಳಲ್ಲಿ ಅದಕ್ಕಿಂತ ಸಾಕಷ್ಟು ಕಡಿಮೆಯಾಗಿರುತ್ತದೆ. ತೂಕ ಉಳಿಸಬೇಕೆಂದು ತಯಾರಕರು ಅದರ ಅಡಿಯಲ್ಲಿ ಅಂಚಿಗೆ ನಾಲ್ಕು ಮರದ ಪಟ್ಟಿಗಳನ್ನು ಕೊಟ್ಟು ನಡುವನ್ನು ಟೊಳ್ಳಾಗಿ ಬಿಡುವುದುಂಟು. ಎಪ್ಪತ್ತು ಕಿಲೋ ತೂಕದ ಮನುಷ್ಯ ಒಂದು ಹಿಮ್ಮಡಿಯ ಮೇಲೆ ಭಾರ ಹಾಕಿದಾಗ ಆ ಟೊಳ್ಳಿನ ಮೇಲಿನ ಪ್ಲಾಸ್ಟಿಕ್ ಬಾಗುತ್ತದೆ, ಕಾಲೆತ್ತಿದಾಗ ಮರಳುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತ ಹೋದರೆ ತುಂಡಾಗುವ ಹಾಗೆ, ದಿನಕ್ಕೆ ಹತ್ತಾರು ಸಲ ಬಾಗಿದ ಟ್ರೇ ಒಂದು ದಿನ ಬಿರಿಯುತ್ತದೆ. ಪುಣೆ-ಸಾತಾರಾ ದಾರಿಯ ಖಂಬಾಟ್ಕಿ ಘಾಟಿನಂಥ ಏರಿಳಿತಗಳಲ್ಲಿ ಇಡೀ ವಾಹನದ ದೇಹವೇ ತಿರುಚಿಕೊಳ್ಳುವುದು ಇದರ ಮೇಲಿನ ಹೊರೆ.

ನಮ್ಮ ಮನೆಗಳ ಮಟ್ಟಿಗೆ ಇನ್ನೊಂದು ಕಾರಣವಿದೆ. ಈ ಟ್ರೇಗಳ ವಿನ್ಯಾಸ ನಿಂತು ಶವರ್ ತೆಗೆದುಕೊಳ್ಳುವವರಿಗಾಗಿ ಆದದ್ದು. ನಮ್ಮಲ್ಲಿ ಹಿರಿಯರು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತು ಬಕೆಟ್ಟಿನಿಂದ ನೀರು ಹುಯ್ದುಕೊಳ್ಳುತ್ತಾರೆ. ಇಪ್ಪತ್ತು ಲೀಟರಿನ ಬಕೆಟ್ ತುಂಬಿದರೆ ಇಪ್ಪತ್ತು ಕಿಲೋ, ಅದರ ಭಾರವೆಲ್ಲ ಬುಡದ ಬಳೆಯ ಮೇಲೆ. ಕುಳಿತವರ ಭಾರವೆಲ್ಲ ಸ್ಟೂಲಿನ ನಾಲ್ಕು ಕಾಲುಗಳ ಮೇಲೆ, ಒಂದೊಂದು ಕಾಲಿನ ತಳ ಎರಡು ರೂಪಾಯಿ ನಾಣ್ಯದಷ್ಟು. ನನ್ನ ತಾಯಿ ಕುಳಿತುಕೊಳ್ಳುತ್ತಿದ್ದ ಸ್ಟೂಲನ್ನು ಟ್ರೇಯ ಮೇಲೆ ಇಟ್ಟು ನೋಡಿದಾಗ ಅದರ ಹಿಂದಿನ ಎಡಗಾಲು ಬಿರುಕು ಹುಟ್ಟಿದ ಜಾಗದಲ್ಲೇ ನಿಂತಿತು. ಅವರು ಸ್ನಾನ ಮಾಡುವ ರೀತಿಯಲ್ಲಿ ಯಾವ ತಪ್ಪೂ ಇರಲಿಲ್ಲ. ಆ ಜಾಗದ ಅಡಿಯಲ್ಲಿ ಆಧಾರವೇ ಇರಲಿಲ್ಲ.

ನೀರು ಹೋಗುವ ತೂತಿನ ಸುತ್ತ ಬಿರುಕು ಬಂದಿದ್ದರೆ ಕಾರಣ ಬೇರೆ ಇರಬಹುದು. ವೇಸ್ಟ್ ಕಪ್ಲಿಂಗ್‌ನ ನಟ್ಟನ್ನು ಪಾನಾ ಹಾಕಿ ಅತಿಯಾಗಿ ಬಿಗಿದರೆ ತೂತಿನ ಅಂಚು ಸದಾ ಒತ್ತಡದಲ್ಲಿರುತ್ತದೆ. ಕೈಯಲ್ಲಿ ಬಿಗಿದು, ಆಮೇಲೆ ಕಾಲು ಸುತ್ತು ತಿರುಗಿಸಿದರೆ ಸಾಕು. ಉಳಿದದ್ದನ್ನು ವಾಷರ್ ನೋಡಿಕೊಳ್ಳುತ್ತದೆ.

ಬಿರುಕಿನ ಮೇಲೆ ಸಿಲಿಕಾನ್ ಅಥವಾ ಎಂ-ಸೀಲ್ ಹಚ್ಚಿಬಿಟ್ಟರೆ ಸಾಲದೇ?

ಸಾಲದು. ನಾನು ಎರಡನ್ನೂ ಮಾಡಿ ನೋಡಿದ್ದೇನೆ. ಸಿಲಿಕಾನ್ ರಬ್ಬರಿನಂತೆ ಎಳೆಯುವ ವಸ್ತು. ಸಂದು ಮುಚ್ಚುವುದಕ್ಕೆ ಅದು ಒಳ್ಳೆಯದೇ ಹೊರತು ಮುರಿದದ್ದನ್ನು ಹಿಡಿದಿಡುವ ಬಲ ಅದಕ್ಕಿಲ್ಲ. ಎಂ-ಸೀಲ್‌ನಂಥ ಎಪಾಕ್ಸಿ ಪುಟ್ಟಿ ಕಲ್ಲಿನಂತೆ ಗಟ್ಟಿಯಾಗುತ್ತದೆ, ಆದರೆ ಅದರ ಸುತ್ತಲಿನ ಟ್ರೇ ಬಾಗುವುದನ್ನು ನಿಲ್ಲಿಸಿರುವುದಿಲ್ಲವಾದ್ದರಿಂದ ಕೆಲವು ವಾರಗಳಲ್ಲಿ ಪುಟ್ಟಿಯ ಅಂಚಿನಲ್ಲೇ ಹೊಸ ಬಿರುಕು ಏಳುತ್ತದೆ. ಇದಕ್ಕಿಂತ ದೊಡ್ಡ ತೊಂದರೆ ಮುಂದಿನದು. ಸಿಲಿಕಾನ್ ಒಮ್ಮೆ ತಗುಲಿದ ಮೇಲೆ ಅಲ್ಲಿ ಬೇರೆ ಯಾವ ಅಂಟೂ ಹಿಡಿಯುವುದಿಲ್ಲ, ಹಳೆಯ ಸಿಲಿಕಾನ್ ಮೇಲೆ ಹೊಸ ಸಿಲಿಕಾನ್ ಕೂಡ ಸರಿಯಾಗಿ ಕೂರುವುದಿಲ್ಲ. ನಾಳೆ ಸರಿಯಾದ ದುರಸ್ತಿ ಮಾಡಹೊರಟಾಗ ಅದನ್ನು ಬ್ಲೇಡಿನಿಂದ ಕೆರೆದು, ಉಪ್ಪು ಕಾಗದದಿಂದ ಉಜ್ಜಿ ತೆಗೆಯುವುದರಲ್ಲೇ ಅರ್ಧ ದಿನ ಹೋಗುತ್ತದೆ. ಟ್ರೇಯ ಅಂಚಿಗೆ ಸಿಲಿಕಾನ್ ಬೇಕೇ ಬೇಕು. ಬಿರುಕಿನೊಳಗೆ ಅದನ್ನು ತುಂಬಬೇಡಿರಿ.

ಟ್ರೇ ಯಾವ ವಸ್ತುವಿನದು ಎಂದು ಗುರುತಿಸುವುದು ಹೇಗೆ?

ಅಡಿಭಾಗವನ್ನು ನೋಡಿದರೆ ಮೊದಲ ಉತ್ತರ ಸಿಗುತ್ತದೆ. ಒರಟಾಗಿದ್ದು ಗಾಜಿನ ನಾರುಗಳು ಕಾಣುತ್ತಿದ್ದರೆ ಅದು ಫೈಬರ್, ಅಂದರೆ ಎಫ್‌ಆರ್‌ಪಿ. ಇಲ್ಲಿಯೇ ಕಟ್ಟಿಸಿದ ವಾಹನಗಳಲ್ಲಿ ಕೈಯಿಂದ ಮಾಡಿದ ಫೈಬರ್ ಟ್ರೇಗಳೂ ಸಾಕಷ್ಟಿವೆ. ಅಡಿಯೂ ನುಣ್ಣಗಿದ್ದರೆ ಪ್ಲಾಸ್ಟಿಕ್. ಕಾಣದ ಮೂಲೆಯಿಂದ ಸಣ್ಣ ಚೂರೊಂದನ್ನು ಕತ್ತರಿಸಿ ನೀರಿಗೆ ಹಾಕಿರಿ: ತೇಲಿದರೆ ಅದು ಪಾಲಿಪ್ರಾಪಿಲೀನ್ ಅಥವಾ ಪಾಲಿಥೀನ್ ಜಾತಿಯದು, ಮುಟ್ಟಿದರೆ ಮೇಣದಂತಿರುತ್ತದೆ, ಸಾಮಾನ್ಯ ಅಂಟುಗಳು ಅದಕ್ಕೆ ಹಿಡಿಯುವುದೇ ಇಲ್ಲ, ಪ್ಲಾಸ್ಟಿಕ್ ವೆಲ್ಡಿಂಗ್ ಒಂದೇ ದಾರಿ. ಮುಳುಗಿದರೆ ಆ ಚೂರಿನ ಮೇಲೆ ಒಂದು ತೊಟ್ಟು ಅಸಿಟೋನ್ ಬಿಟ್ಟು ಅರ್ಧ ನಿಮಿಷದ ನಂತರ ಮುಟ್ಟಿರಿ. ಎಬಿಎಸ್ ಆಗಿದ್ದರೆ ಮೆತ್ತಗಾಗಿ ಬೆರಳಿಗೆ ಅಂಟುತ್ತದೆ. ಅಕ್ರಿಲಿಕ್ ಕೂಡ ಅಸಿಟೋನಿಗೆ ಕರಗುತ್ತದೆ. ಎಷ್ಟೋ ಟ್ರೇಗಳಲ್ಲಿ ಎಬಿಎಸ್ ಮೇಲೆ ಹೊಳಪಿಗಾಗಿ ಅಕ್ರಿಲಿಕ್ಕಿನ ತೆಳು ಪದರವಿರುವುದರಿಂದ ಪರೀಕ್ಷೆಯನ್ನು ಅಡಿಬದಿಯಲ್ಲಿಯೂ ಮಾಡಿ ನೋಡುವುದು ಒಳ್ಳೆಯದು. ಉಗುರಿನ ಬಣ್ಣ ತೆಗೆಯುವ ದ್ರವವನ್ನು ಬಳಸುವವರು ಅದರಲ್ಲಿ ಅಸಿಟೋನ್ ಇದೆಯೇ ಎಂದು ಶೀಶೆಯ ಮೇಲೆ ಓದಿಕೊಳ್ಳಬೇಕು, ಎಲ್ಲವುಗಳಲ್ಲೂ ಇರುವುದಿಲ್ಲ.

ಟ್ರೇಯನ್ನು ಕಳಚಲೇಬೇಕೇ?

ಸಾಧ್ಯವಿದ್ದರೆ ಕಳಚಿರಿ. ಬಾಗಿಲಿನ ಚೌಕಟ್ಟು, ಅಂಚಿನ ಪಟ್ಟಿ, ವೇಸ್ಟ್ ಕಪ್ಲಿಂಗ್ ಇವನ್ನು ಬಿಚ್ಚಿ, ಸಿಲಿಕಾನ್ ಕತ್ತರಿಸಿದರೆ ಹಲವು ಟ್ರೇಗಳು ಮೇಲೆ ಬರುತ್ತವೆ. ಬಿಚ್ಚುವ ಮೊದಲು ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡರೆ ಜೋಡಿಸುವಾಗ ಕಷ್ಟವಾಗುವುದಿಲ್ಲ. ಟ್ರೇಯ ಅಂಚು ಗೋಡೆಯ ಹಲಗೆಯ ಹಿಂದೆ ಹೋಗಿದ್ದು, ಗೋಡೆಯನ್ನೇ ಒಡೆಯಬೇಕಾದ ಸ್ಥಿತಿಯಿದ್ದರೆ ಮಾತ್ರ ಇದ್ದಲ್ಲಿಯೇ ಕೆಲಸ ಮಾಡಬೇಕು. ಆಗ ಟೊಳ್ಳಿನ ಮೇಲೆ ಅಲ್ಲಲ್ಲಿ ಸಣ್ಣ ತೂತು ಕೊರೆದು ಅಡಿಗೆ ಎರಡು ಭಾಗ ಬೆರೆಸುವ ಪಿಯು (ಪಾಲಿಯುರೆಥೇನ್) ಫೋಮ್ ಇಳಿಸಿ, ತೂತು ಮತ್ತು ಬಿರುಕನ್ನು ಮುಚ್ಚಿ, ಟ್ರೇಯ ಒಳಮೈಗೆಲ್ಲ ಫೈಬರಿನ ಹೊಸ ಪದರ ಕೊಡುವ ದಾರಿಯಿದೆ. ಇದು ಎರಡನೆಯ ದರ್ಜೆಯ ದುರಸ್ತಿ. ಅಡಿಯ ಪ್ಲೈವುಡ್ ಹೇಗಿದೆ ಎಂಬುದು ಕಾಣದೆಯೇ ಉಳಿಯುತ್ತದೆ ಎಂಬುದೇ ಅದರ ದೊಡ್ಡ ಕೊರತೆ.

ಟ್ರೇ ಎತ್ತಿದಾಗ ಅಡಿಯ ಪ್ಲೈವುಡ್ ಒದ್ದೆಯಾಗಿದೆ. ಏನು ಮಾಡಬೇಕು?

ಒಂದು ಸ್ಕ್ರೂಡ್ರೈವರ್ ತೆಗೆದುಕೊಂಡು ಅಲ್ಲಲ್ಲಿ ಚುಚ್ಚಿರಿ. ತುದಿ ಒಳಗೆ ಹೋಗದಿದ್ದರೆ ಮರ ಬದುಕಿದೆ, ಒಣಗಿಸಿದರೆ ಸಾಕು. ನಮ್ಮ ವಾಹನದಲ್ಲಿ ಬಿರುಕಿನ ನೇರ ಕೆಳಗೆ ಒಂದು ಊಟದ ತಟ್ಟೆಯಷ್ಟು ಅಗಲದ ಪ್ಲೈವುಡ್ ಕಪ್ಪಗಾಗಿತ್ತು. ಕೈಯಲ್ಲಿ ಹಿಡಿದರೆ ನೆನೆದ ಬೆಲ್ಲದ ಅಚ್ಚಿನಂತೆ ಪದರ ಪದರವಾಗಿ ಬಿದ್ದುಹೋಗುತ್ತಿತ್ತು, ಮಳೆಗಾಲದ ಹಳೆಯ ಗೋಣಿಚೀಲದ ವಾಸನೆ ಬರುತ್ತಿತ್ತು. ಅಂಥದ್ದನ್ನು ಒಣಗಿಸಿ ಉಳಿಸಲಾಗದು. ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ ತೆಗೆದು ಹೊಸ ತುಂಡು ಕೂರಿಸಬೇಕು. ಹೊಸ ತುಂಡು ಐಎಸ್ 710 ಗುರುತಿನ ಮೆರೈನ್ ಪ್ಲೈವುಡ್ ಆಗಿರಲಿ. ಐಎಸ್ 303 ಗುರುತಿನದು ಒಳಾಂಗಣದ ಪೀಠೋಪಕರಣಗಳಿಗೆ ಸರಿ, ಬಚ್ಚಲಿನ ಅಡಿಗಲ್ಲ. ಕತ್ತರಿಸಿದ ಅಂಚುಗಳಿಗೆಲ್ಲ, ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಎಪಾಕ್ಸಿ ರೆಸಿನ್ ಹಚ್ಚದೆ ಕೂರಿಸಬೇಡಿರಿ, ಏಕೆಂದರೆ ಪ್ಲೈವುಡ್ ನೀರು ಕುಡಿಯುವುದು ಮುಖ್ಯವಾಗಿ ಅಂಚಿನಿಂದಲೇ. ತೇವಾಂಶ ಅಳೆಯುವ ಸಣ್ಣ ಮೀಟರ್ ಸಿಕ್ಕರೆ ಬಳಸಿರಿ. ಮರದ ತೇವಾಂಶ ಶೇಕಡಾ 20ರ ಮೇಲೆ ನಿಂತಿದ್ದರೆ ಕೊಳೆಯುವ ಅಪಾಯವಿರುತ್ತದೆ, ಹಾಗಿರುವಾಗ ಟ್ರೇಯನ್ನು ಮತ್ತೆ ಮುಚ್ಚಬಾರದು.

ಎಬಿಎಸ್ ಟ್ರೇಯ ಬಿರುಕನ್ನು ಸರಿಪಡಿಸುವ ಕ್ರಮವೇನು?

ಮೊದಲ ಕೆಲಸ ಬಿರುಕು ಮುಂದೆ ಓಡದಂತೆ ತಡೆಯುವುದು. ಬಿರುಕಿನ ತುದಿ ಸೂಜಿಯ ಮೊನೆಯಷ್ಟು ಚೂಪಾಗಿರುವುದರಿಂದ ಒತ್ತಡವೆಲ್ಲ ಅಲ್ಲಿ ಬಂದು ಸೇರುತ್ತದೆ. ಕಣ್ಣಿಗೆ ಕಾಣುವ ತುದಿಯಿಂದ ಎರಡು ಮೂರು ಮಿಲಿಮೀಟರ್ ಮುಂದೆ, 3 ಮಿಲಿಮೀಟರ್ ಡ್ರಿಲ್ ಬಿಟ್ಟಿನಿಂದ ದುಂಡನೆಯ ತೂತು ಕೊರೆದರೆ ಆ ಒತ್ತಡ ಹರಡಿಕೊಳ್ಳುತ್ತದೆ. ಎರಡೂ ತುದಿಗಳಲ್ಲಿ ಹೀಗೆ ಮಾಡಿದ ಮೇಲೆ ಬಿರುಕಿನ ಉದ್ದಕ್ಕೂ ಮೇಲಿನಿಂದ ನೇಗಿಲ ಸಾಲಿನಂತೆ ಇಳಿಜಾರು ಕೊಟ್ಟು ಕೆರೆಯಬೇಕು, ದಪ್ಪದ ಅರ್ಧದಷ್ಟು ಆಳ ಸಾಕು.

ಈ ಸಾಲನ್ನು ತುಂಬಲು ಎಬಿಎಸ್‌ನದೇ ಗಂಜಿ ಉತ್ತಮ. ಟ್ರೇಯ ಕಾಣದ ಅಂಚಿನಿಂದ ತೆಗೆದ ಚೂರುಗಳನ್ನು, ಅಥವಾ ಎಬಿಎಸ್ ಎಂಬ ಅಚ್ಚಿರುವ ಕೆಟ್ಟ ಮಿಕ್ಸಿಯ ಹೊರಕವಚದ ಚೂರುಗಳನ್ನು ಗಾಜಿನ ಶೀಶೆಯಲ್ಲಿ ಅಸಿಟೋನಿನೊಂದಿಗೆ ರಾತ್ರಿಯಿಡೀ ನೆನೆಹಾಕಿದರೆ ಬೆಳಿಗ್ಗೆ ಜೇನುತುಪ್ಪದಷ್ಟು ಮಂದವಾಗಿರುತ್ತದೆ. ತೆಳುವಾಗಿ ಹಚ್ಚಿ, ಒಣಗಲು ಬಿಟ್ಟು, ಮತ್ತೆ ಹಚ್ಚಬೇಕು. ಅಸಿಟೋನ್ ಆರಿಹೋದಂತೆ ಗಂಜಿ ಕುಗ್ಗುವುದರಿಂದ ಒಂದೇ ಸಲಕ್ಕೆ ತುಂಬಿದರೆ ನಡುವೆ ಹಳ್ಳ ಬೀಳುತ್ತದೆ. ತೀರ ನೀರಾದ ಗಂಜಿಯನ್ನು ಮಾತ್ರ ಬಳಸಬೇಡಿರಿ, ಹೆಚ್ಚಿನ ಅಸಿಟೋನ್ ಸುತ್ತಲಿನ ಒಳ್ಳೆಯ ಪ್ಲಾಸ್ಟಿಕ್ಕಿನಲ್ಲೂ ನವಿರಾದ ಬಿರುಕುಗಳನ್ನು ಹುಟ್ಟಿಸುತ್ತದೆ. ಪ್ಲಂಬಿಂಗ್ ಅಂಗಡಿಯಲ್ಲಿ ಸಲ್ಯೂಶನ್ ಎಂದು ಕೊಡುವ ಅಂಟು ಪಿವಿಸಿ ಪೈಪುಗಳದು, ಈ ಕೆಲಸಕ್ಕೆ ಅದು ಬೇಡ.

ಬಲ ಬರುವುದು ಅಡಿಬದಿಯಿಂದ. ಅಡಿಯನ್ನು 80ನೇ ನಂಬರಿನ ಉಪ್ಪು ಕಾಗದದಿಂದ ಹೊಳಪೆಲ್ಲ ಹೋಗುವವರೆಗೆ ಉಜ್ಜಿ, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಬಿರುಕಿನ ಎರಡೂ ಕಡೆಗೆ ಐದು ಸೆಂಟಿಮೀಟರ್ ಮೀರುವಂತೆ ಎಪಾಕ್ಸಿ ರೆಸಿನ್ನಿನಲ್ಲಿ ಅದ್ದಿದ ನೇಯ್ದ ಗಾಜಿನ ಬಟ್ಟೆಯನ್ನು ಎರಡು ಮೂರು ಪದರ ಕೂರಿಸಬೇಕು. ಇಲ್ಲಿ ಒಂದು ಎಚ್ಚರಿಕೆ: ಅಂಗಡಿಯವರು ಕೊಡುವ ಚೂರುನಾರಿನ ಮ್ಯಾಟ್‌ನ ನಾರುಗಳನ್ನು ಹಿಡಿದಿಟ್ಟಿರುವ ಅಂಟು ಪಾಲಿಯೆಸ್ಟರ್ ರೆಸಿನ್ನಿನಲ್ಲಿರುವ ಸ್ಟೈರೀನ್ ಎಂಬ ದ್ರಾವಕದಲ್ಲಿ ಕರಗುವಂಥದ್ದು. ಎಪಾಕ್ಸಿಯಲ್ಲಿ ಸ್ಟೈರೀನ್ ಇರುವುದಿಲ್ಲವಾದ್ದರಿಂದ ಮ್ಯಾಟ್ ಸರಿಯಾಗಿ ನೆನೆಯದೆ ಸೆಟೆದು ನಿಲ್ಲುತ್ತದೆ. ಎಪಾಕ್ಸಿಗೆ ನೇಯ್ದ ಬಟ್ಟೆ, ಪಾಲಿಯೆಸ್ಟರಿಗೆ ಮ್ಯಾಟ್ ಎಂದು ನೆನಪಿಟ್ಟುಕೊಳ್ಳಿರಿ.

ಫೈಬರ್ ಟ್ರೇ ಆಗಿದ್ದರೆ?

ಕೆಲಸ ಸುಲಭ, ಫಲ ಇನ್ನೂ ಗಟ್ಟಿ. ಮೇಲಿನ ಜೆಲ್‌ಕೋಟ್, ಅಂದರೆ ನುಣುಪಾದ ಹೊರಪದರ ಮಾತ್ರ ಜೇಡರ ಬಲೆಯಂತೆ ಒಡೆದಿದ್ದರೆ ಅದನ್ನು ಕೆರೆದು ಹೊಸ ಜೆಲ್‌ಕೋಟ್ ಕೊಟ್ಟರೂ ನಡೆಯುತ್ತದೆ. ಒಳಗಿನ ನಾರೂ ಹರಿದಿದ್ದರೆ ಅಡಿಯಿಂದ ಬಿರುಕಿನ ಎರಡೂ ಬದಿಗೆ ಇಳಿಜಾರಾಗಿ ಗ್ರೈಂಡ್ ಮಾಡಬೇಕು. ದಪ್ಪದ ಹನ್ನೆರಡು ಪಟ್ಟು ಅಗಲ ಎಂಬುದು ದೋಣಿ ಕೆಲಸದವರ ಲೆಕ್ಕ: ಮೂರು ಮಿಲಿಮೀಟರ್ ದಪ್ಪದ ಟ್ರೇಗೆ ಪ್ರತಿ ಬದಿಗೆ 36 ಮಿಲಿಮೀಟರ್. ಚದರ ಮೀಟರಿಗೆ 450 ಗ್ರಾಮಿನ ಮ್ಯಾಟ್‌ನ ಒಂದು ಪದರ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ದಪ್ಪ ಕೊಡುತ್ತದೆ. ಮೂವತ್ತಕ್ಕೆ ಇಪ್ಪತ್ತು ಸೆಂಟಿಮೀಟರಿನ ತೇಪೆಗೆ ಎರಡು ಪದರ ಹಾಕಿದರೆ ಮ್ಯಾಟ್ 54 ಗ್ರಾಂ, ಪಾಲಿಯೆಸ್ಟರ್ ರೆಸಿನ್ ಅದರ ಎರಡೂವರೆ ಪಟ್ಟಿನಂತೆ ಸುಮಾರು 135 ಗ್ರಾಂ ಬೇಕಾಗುತ್ತದೆ. ಬ್ರಷ್ಷನ್ನು ಎಳೆಯದೆ ಕುಟ್ಟುತ್ತ ಹೋಗಿರಿ. ಮ್ಯಾಟ್‌ನ ಬಿಳುಪು ಹೋಗಿ ಗಾಜಿನಂತೆ ಪಾರದರ್ಶಕವಾದರೆ ನೆನೆದಿದೆ ಎಂದರ್ಥ, ಬಿಳಿ ಚುಕ್ಕೆ ಉಳಿದಲ್ಲಿ ಗಾಳಿ ಇದೆ.

ಪಾಲಿಯೆಸ್ಟರಿನ ಮೇಲೆ ಎಪಾಕ್ಸಿ ಹಿಡಿಯುತ್ತದೆ, ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಚೆನ್ನಾಗಿ ಹಿಡಿಯುವುದಿಲ್ಲ. ಹಿಂದೆ ಯಾರಾದರೂ ಎಪಾಕ್ಸಿಯಿಂದ ದುರಸ್ತಿ ಮಾಡಿದ್ದರೆ ನೀವೂ ಎಪಾಕ್ಸಿಯನ್ನೇ ಬಳಸಬೇಕು.

ಪಾಲಿಯೆಸ್ಟರ್ ರೆಸಿನ್ ಜೊತೆ ಎರಡು ಶೀಶೆ ಕೊಡುತ್ತಾರೆ. ಅವನ್ನು ಹೇಗೆ ಬೆರೆಸಬೇಕು?

ದಯವಿಟ್ಟು ಈ ಉತ್ತರವನ್ನು ಅವಸರದಲ್ಲಿ ಓದಬೇಡಿರಿ. ನೇರಳೆ ಬಣ್ಣದ ದ್ರವ ಕೋಬಾಲ್ಟ್, ಬಣ್ಣವಿಲ್ಲದ್ದು ರೆಸಿನ್ನನ್ನು ಗಟ್ಟಿಯಾಗಿಸುವ ಎಂಇಕೆಪಿ ಎಂಬ ಕ್ಯಾಟಲಿಸ್ಟ್; ಕೋಬಾಲ್ಟ್ ಆ ಕ್ರಿಯೆಯನ್ನು ಚುರುಕುಗೊಳಿಸುತ್ತದೆ. ಈ ಎರಡನ್ನು ನೇರವಾಗಿ ಒಂದಕ್ಕೊಂದು ಬೆರೆಸಿದರೆ ಬೆಂಕಿ ಹೊತ್ತಿಕೊಳ್ಳಬಹುದು, ಸಿಡಿಯಲೂಬಹುದು. ಮೊದಲು ರೆಸಿನ್ನಿಗೆ ಕೋಬಾಲ್ಟ್ ಹಾಕಿ ಪೂರ್ತಿ ಕಲಕಿ, ಆಮೇಲೆ ಬೇರೆ ಕಡ್ಡಿಯಿಂದ ಕ್ಯಾಟಲಿಸ್ಟ್ ಬೆರೆಸಬೇಕು. ಎರಡಕ್ಕೂ ಒಂದೇ ಮುಚ್ಚಳ, ಒಂದೇ ಸಿರಿಂಜು ಬಳಸಬಾರದು. ಕೋಬಾಲ್ಟ್ ಮೊದಲೇ ಸೇರಿಸಿದ ರೆಸಿನ್ ಕೇಳಿ ಪಡೆದರೆ ಈ ಅಪಾಯವೇ ಇರುವುದಿಲ್ಲ, ಮನೆಯಲ್ಲಿ ಕೆಲಸ ಮಾಡುವವರಿಗೆ ನನ್ನ ಸಲಹೆ ಅದೇ. ಕ್ಯಾಟಲಿಸ್ಟ್ ಪ್ರಮಾಣ ರೆಸಿನ್ನಿನ ತೂಕದ ಶೇಕಡಾ 1ರಿಂದ 2. ಅದರ ಒಂದು ಹನಿ ಕಣ್ಣಿಗೆ ಬಿದ್ದರೂ ದೃಷ್ಟಿಗೆ ಕಾಯಂ ಹಾನಿಯಾಗಬಹುದಾದ್ದರಿಂದ ಸುರಕ್ಷಾ ಕನ್ನಡಕವಿಲ್ಲದೆ ಶೀಶೆ ತೆರೆಯಬಾರದು. ಬಿದ್ದರೆ ತಕ್ಷಣ ಕನಿಷ್ಠ ಕಾಲು ಗಂಟೆ ಹರಿಯುವ ನೀರಿನಲ್ಲಿ ತೊಳೆಯುತ್ತಲೇ ಇದ್ದು, ಅಲ್ಲಿಂದ ನೇರವಾಗಿ ವೈದ್ಯರ ಬಳಿ ಹೋಗಬೇಕು.

ಎಪಾಕ್ಸಿಯ ನಿಯಮ ಬೇರೆ. ಡಬ್ಬದ ಮೇಲೆ ಬರೆದ ಪ್ರಮಾಣವೇ ಅಂತಿಮ; ಬೇಗ ಗಟ್ಟಿಯಾಗಲಿ ಎಂದು ಹೆಚ್ಚು ಹಾರ್ಡನರ್ ಹಾಕಿದರೆ ಅದು ಎಂದಿಗೂ ಸರಿಯಾಗಿ ಗಟ್ಟಿಯಾಗುವುದಿಲ್ಲ. ಎರಡೂ ಕೆಲಸಗಳಿಗೆ ವಾಹನದ ಬಾಗಿಲು ಕಿಟಕಿಗಳನ್ನೆಲ್ಲ ತೆರೆದಿಡಿರಿ, ಗ್ಯಾಸ್ ಸಿಲಿಂಡರನ್ನು ಹೊರಗೆ ಸಾಗಿಸಿರಿ, ರಾಸಾಯನಿಕ ಆವಿ ತಡೆಯುವ ಮುಖವಾಡ ಧರಿಸಿರಿ. ಬಟ್ಟೆಯ ಮಾಸ್ಕ್ ದೂಳನ್ನು ಒಂದಿಷ್ಟು ತಡೆಯಬಹುದು, ಆವಿಯನ್ನು ತಡೆಯಲಾರದು. ಉಳಿದ ರೆಸಿನ್ನಿನ ಡಬ್ಬ ತಾನಾಗಿಯೇ ಕಾದು ಹೊಗೆಯಾಡುವುದುಂಟು, ಅದನ್ನು ಒಳಗೆ ಬಿಟ್ಟು ಊಟಕ್ಕೆ ಹೋಗಬೇಡಿರಿ.

ಅಡಿಯ ಟೊಳ್ಳನ್ನು ಯಾವುದರಿಂದ ತುಂಬಬೇಕು?

ಇದು ಇಡೀ ದುರಸ್ತಿಯ ಹೃದಯ. ನಾನು ಬಳಸಿದ್ದು ಒತ್ತೊತ್ತಾದ ಎಕ್ಸ್‌ಪಿಎಸ್ ಎಂಬ ಫೋಮ್ ಹಲಗೆ, ತಾರಸಿಗೆ ಬಿಸಿಲು ತಡೆಯಲು ಹಾಕುವಂಥದ್ದು. ಟ್ರೇಯ ಅಡಿಯ ಉಬ್ಬುತಗ್ಗಿಗೆ ಹೊಂದುವಂತೆ ತುಂಡುಗಳನ್ನು ಕತ್ತರಿಸಿ, ಪಿಯು ಅಂಟಿನಲ್ಲಿ ನೆಲಕ್ಕೆ ಕೂರಿಸಿ, ಟ್ರೇ ಮತ್ತು ಹಲಗೆಯ ನಡುವೆ ಕೂಡ ಅಂಟಿನ ಹಾಸು ಕೊಟ್ಟೆ. ಅಡಿಯ ಪಾಲಿಯೆಸ್ಟರ್ ಪೂರ್ತಿ ಗಟ್ಟಿಯಾಗುವ ಮೊದಲು ಈ ಹಲಗೆ ಅದಕ್ಕೆ ತಾಗಬಾರದು. ಸ್ಟೈರೀನ್ ಮತ್ತು ಅಸಿಟೋನ್ ಎರಡೂ ಅದನ್ನು ಸಕ್ಕರೆಯಂತೆ ಕರಗಿಸುತ್ತವೆ.

ಡಬ್ಬದಿಂದ ಸಿಂಪಡಿಸುವ ಫೋಮ್ ಸುಲಭವೆನಿಸುತ್ತದೆ, ಆದರೆ ಅದು ಗಾಳಿಯ ತೇವದಿಂದ ಗಟ್ಟಿಯಾಗುವಂಥದ್ದು. ಮುಚ್ಚಿದ ಟೊಳ್ಳಿನ ಒಳಭಾಗದಲ್ಲಿ ಹಸಿಯಾಗಿಯೇ ಉಳಿದು, ಆಮೇಲೆ ಉಬ್ಬಿ ಟ್ರೇಯನ್ನೇ ಮೇಲೆತ್ತಬಹುದು. ಬಳಸಲೇಬೇಕಾದರೆ ನೀರು ಚಿಮುಕಿಸಿ ತೆಳು ಪದರಗಳಲ್ಲಿ ಹಾಕಿ, ಟ್ರೇಯ ಮೇಲೆ ಹಲಗೆ ಇಟ್ಟು ಇಪ್ಪತ್ತು ಲೀಟರಿನ ಎರಡು ನೀರಿನ ಕ್ಯಾನ್‌ಗಳನ್ನು ಹೇರಿ ರಾತ್ರಿಯಿಡೀ ಬಿಡಿರಿ.

ಮನೆಗಳ ಬಚ್ಚಲು ಕಟ್ಟಿ ಅಭ್ಯಾಸವಿರುವ ಮೇಸ್ತ್ರಿಗಳು ಸಿಮೆಂಟ್ ಮರಳು ತುಂಬೋಣ ಎನ್ನುತ್ತಾರೆ. ಮನೆಗೆ ಅದು ಸರಿ. ಓಡುವ ವಾಹನದಲ್ಲಿ ಗಾರೆ ಅದುರಿ ಪುಡಿಯಾಗುತ್ತದೆ, ಪುಡಿಯ ಕಲ್ಲುಗಳು ಟ್ರೇಯನ್ನು ಅಡಿಯಿಂದ ಉಜ್ಜುತ್ತವೆ, ತೂಕವೂ ಏರುತ್ತದೆ. ವೇಸ್ಟ್ ಕಪ್ಲಿಂಗ್ ಸುತ್ತ ಕೈ ಹೋಗುವಷ್ಟು ಜಾಗವನ್ನು ಯಾವ ಕಾರಣಕ್ಕೂ ತುಂಬಬೇಡಿರಿ, ನಾಳೆ ಆ ನಟ್ಟನ್ನು ಬಿಚ್ಚಬೇಕಾಗುತ್ತದೆ.

ಮಳೆಗಾಲದಲ್ಲಿ ಈ ಕೆಲಸ ಮಾಡಬಹುದೇ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೆರೆದ ಜಾಗದಲ್ಲಿ ಬೇಡ. ಒದ್ದೆ ಪ್ಲೈವುಡ್ ಆ ಹವೆಯಲ್ಲಿ ಒಣಗುವುದೇ ಇಲ್ಲ. ಮುಂಬೈ ಮತ್ತು ಗೋವೆಯ ಕರಾವಳಿ ತೇವದಲ್ಲಿ ಎಪಾಕ್ಸಿಯ ಮೇಲೆ ಜಿಡ್ಡಿನಂಥ ಪೊರೆ ಕಟ್ಟಿ ಮುಂದಿನ ಪದರ ಹಿಡಿಯದಂತಾಗುತ್ತದೆ. ಆ ಪೊರೆಯನ್ನು ನೀರಿನಿಂದ ತೊಳೆದು, ಒಣಗಿಸಿ, ಉಜ್ಜಿದ ನಂತರವೇ ಮುಂದಿನ ಪದರ ಕೊಡಬೇಕು. ಏಪ್ರಿಲ್ ತಿಂಗಳ ಪುಣೆಯ ಬಿಸಿಲಲ್ಲಿ ತೊಂದರೆ ಇನ್ನೊಂದು ಬಗೆಯದು, ಬೆರೆಸಿದ ರೆಸಿನ್ ಹಚ್ಚಿ ಮುಗಿಸುವ ಮುನ್ನವೇ ಡಬ್ಬದಲ್ಲಿ ಗಟ್ಟಿಯಾಗುತ್ತದೆ. ನವೆಂಬರಿನಿಂದ ಫೆಬ್ರವರಿವರೆಗಿನ ಹಗಲು ಹೊತ್ತು ನನಗೆ ಅತ್ಯಂತ ಅನುಕೂಲವೆನಿಸಿದೆ.

ಪುಣೆಯಲ್ಲಿ ಸಾಮಾನು ಎಲ್ಲಿ ಸಿಗುತ್ತದೆ? ಮರಾಠಿ ಸರಿಯಾಗಿ ಬಾರದಿದ್ದರೆ?

ಸಣ್ಣ ಉಪಕರಣ, ಉಪ್ಪು ಕಾಗದ, ಸಿಲಿಕಾನ್‌ಗಳಿಗೆ ರವಿವಾರ ಪೇಠೆಯ ಬೋಹ್ರಿ ಆಳಿ. ಮೆರೈನ್ ಪ್ಲೈವುಡ್ಡಿಗೆ ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್. ಫೈಬರ್ ಕೆಲಸದವರನ್ನು ಭೋಸರಿಯ ಕೈಗಾರಿಕಾ ಪ್ರದೇಶದಲ್ಲಿ ವಿಚಾರಿಸಿರಿ. ಮುಂಬೈಯವರು ಚಿತ್ರೀಕರಣದ ವ್ಯಾನಿಟಿ ವ್ಯಾನ್‌ಗಳ ಒಳಾಂಗಣ ಮಾಡುವವರನ್ನು ಕೇಳಬಹುದು, ಓಡುವ ವಾಹನದ ಬಚ್ಚಲಿನ ಕಷ್ಟ ಅವರಿಗೆ ಗೊತ್ತು. ಗೋವೆಯಲ್ಲಿ ಫೈಬರ್ ದೋಣಿ ದುರಸ್ತಿ ಮಾಡುವವರಿಗಿಂತ ಒಳ್ಳೆಯ ಕೈ ಸಿಗುವುದು ಕಷ್ಟ. ಮರಾಠಿಯಲ್ಲಿ ಬಿರುಕಿಗೆ ‘ತಡಾ’, ಸೋರಿಕೆಗೆ ‘ಗಳತಿ’ ಎನ್ನುತ್ತಾರೆ. ‘ಟ್ರೇಲಾ ತಡಾ ಗೇಲಾಯ್’ ಎಂದರೆ ಸಾಕು, ರೆಸಿನ್, ಹಾರ್ಡನರ್, ಮ್ಯಾಟ್ ಎಲ್ಲ ಕಡೆಯೂ ಅವೇ ಹೆಸರುಗಳು. ಉಪ್ಪು ಕಾಗದವನ್ನು ಮಾತ್ರ ‘ಪಾಲಿಶ್ ಪೇಪರ್’ ಎಂದು ಕೇಳಿರಿ.

ಹೊಸ ಟ್ರೇಯನ್ನೇ ಹಾಕಿಸುವುದು ಮೇಲಲ್ಲವೇ?

ಬಿರುಕು ಒಂದೇ ಆಗಿದ್ದರೆ ದುರಸ್ತಿಯೇ ಮೇಲು. ಮೂರು ನಾಲ್ಕು ಕಡೆ ಬಿರಿದಿದ್ದು, ಒತ್ತಿದಲ್ಲೆಲ್ಲ ಬಿಳಿಗೆರೆ ಏಳುತ್ತಿದ್ದರೆ ಪ್ಲಾಸ್ಟಿಕ್ ಹಳತಾಗಿದೆ, ಬದಲಾಯಿಸಿರಿ. ಅದೇ ಅಳತೆಯ ಟ್ರೇ ಅಂಗಡಿಯಲ್ಲಿ ಸಿಗುವುದು ಅಪರೂಪವಾದ್ದರಿಂದ ಹಳೆಯ ಟ್ರೇಯನ್ನು ಎಸೆಯಬೇಡಿರಿ. ಬಿರುಕು ತುಂಬಿ, ಮೇಣ ಹಚ್ಚಿ, ಅದರಿಂದಲೇ ಅಚ್ಚು ತೆಗೆದು ಫೈಬರಿನ ಹೊಸ ಟ್ರೇ ಮಾಡಿಕೊಡುತ್ತಾರೆ. 304 ದರ್ಜೆಯ ಸ್ಟೀಲಿನಲ್ಲಿ ಮಡಚಿ ವೆಲ್ಡ್ ಮಾಡಿಸುವವರೂ ಇದ್ದಾರೆ. ಒಂದು ಮಿಲಿಮೀಟರ್ ಸ್ಟೀಲ್ ಚದರ ಮೀಟರಿಗೆ ಸುಮಾರು 8 ಕಿಲೋ, ಮೂರು ಮಿಲಿಮೀಟರ್ ಫೈಬರ್ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಬಾಳಿಕೆ ಸ್ಟೀಲಿನದೇ, ಆದರೆ ಚಳಿಗಾಲದ ಬೆಳಿಗ್ಗೆ ಬರಿಗಾಲಲ್ಲಿ ಅದರ ಮೇಲೆ ನಿಲ್ಲುವ ಹಿರಿಯರನ್ನು ಒಮ್ಮೆ ಕೇಳಿ ನಿರ್ಧರಿಸಿರಿ.

ವಿಮೆಯಿಂದ ಹಣ ಸಿಗುತ್ತದೆಯೇ?

ಸವೆತ ಮತ್ತು ಬಳಕೆಯಿಂದ ಆದ ಹಾನಿಯನ್ನು ವಾಹನ ವಿಮೆ ಹೊರಗಿಡುತ್ತದೆ, ಆದ್ದರಿಂದ ಇಂಥ ಬಿರುಕಿಗೆ ಸಿಗುವುದಿಲ್ಲ. ವಾಹನ ಕಟ್ಟಿಕೊಟ್ಟವರ ವಾರಂಟಿ ಇನ್ನೂ ಇದ್ದರೆ, ಅಡಿಯಲ್ಲಿ ಆಧಾರವಿಲ್ಲದಿರುವ ಚಿತ್ರಗಳೊಂದಿಗೆ ಲಿಖಿತವಾಗಿ ಕೇಳಿರಿ.

ದುರಸ್ತಿಯಾದ ಎಷ್ಟು ದಿನಕ್ಕೆ ಸ್ನಾನ ಮಾಡಬಹುದು?

ಎಪಾಕ್ಸಿಯಾದರೆ ಒಂದು ದಿನದ ನಂತರ ಮೆಲ್ಲಗೆ ಕಾಲಿಡಬಹುದು, ಪೂರ್ತಿ ಬಲ ಬರಲು ಏಳು ದಿನ ಬೇಕು. ನೀರು ಬಿಡುವ ಮುನ್ನ ಮೊದಲು ಹೇಳಿದ ಬಣ್ಣದ ನೀರಿನ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿರಿ, ಈ ಸಲ ಟ್ರೇಯಲ್ಲಿ ನಿಂತು ಕಾಲಿನಿಂದ ಕಾಲಿಗೆ ಭಾರ ಬದಲಾಯಿಸುತ್ತ. ಅಂಚಿಗೆ ಹೊಸ ಸಿಲಿಕಾನ್ ಹಾಕುವಾಗಲೂ ಟ್ರೇಯಲ್ಲಿ ಭಾರ ಇಟ್ಟಿರಬೇಕು. ಸಂದು ಅಗಲವಾಗಿ ತೆರೆದಿರುವಾಗ ಹಾಕಿದ ಸಿಲಿಕಾನ್ ಆಮೇಲೆ ಎಳೆತಕ್ಕೆ ಸಿಗುವುದಿಲ್ಲ.

ಮತ್ತೆ ಬಿರಿಯದಂತೆ ದಿನನಿತ್ಯ ಏನು ಜಾಗ್ರತೆ ಬೇಕು?

ಸ್ಟೂಲಿನ ಮತ್ತು ಬಕೆಟ್ಟಿನ ಅಡಿಗೆ ತೇಗದ ಪಟ್ಟಿಗಳಿಂದ ಮಾಡಿದ, ಟ್ರೇಯ ಅಳತೆಯ ಜಾಲರಿ ಮಣೆಯೊಂದನ್ನು ಮಾಡಿಸಿರಿ. ನಾಲ್ಕು ಕಾಲುಗಳ ಭಾರ ಇಡೀ ಟ್ರೇಗೆ ಹಂಚಿಹೋಗುತ್ತದೆ. ನಮ್ಮ ತಾಯಿ ಈಗಲೂ ಅದೇ ಸ್ಟೂಲಿನ ಮೇಲೆ ಕುಳಿತೇ ಸ್ನಾನ ಮಾಡುತ್ತಾರೆ. ದೀಪಾವಳಿಯ ಎಣ್ಣೆ ಸ್ನಾನದ ನಂತರ ಟ್ರೇಯನ್ನು ಪಾತ್ರೆ ತೊಳೆಯುವ ಸಾಬೂನಿನಿಂದ ಚೆನ್ನಾಗಿ ತೊಳೆಯಿರಿ, ಒತ್ತಡದಲ್ಲಿರುವ ಎಬಿಎಸ್ ಮೇಲೆ ಎಣ್ಣೆ ಬಹುಕಾಲ ನಿಂತರೆ ಬಿರುಕಿಗೆ ದಾರಿಯಾಗುತ್ತದೆ. ಫಿನೈಲ್, ಥಿನ್ನರ್, ಅಸಿಟೋನ್ ಹಾಕಿ ತೊಳೆಯುವುದು ಬೇಡ.

ನಾಳೆ ಊರಿಗೆ ಹೊರಡಬೇಕು, ಇಂದು ಬಿರುಕು ಕಂಡಿದೆ. ಏನು ಮಾಡಲಿ?

ಎರಡೂ ತುದಿಗಳಲ್ಲಿ ತೂತು ಕೊರೆದು, ಟ್ರೇಯನ್ನು ಪೂರ್ತಿ ಒಣಗಿಸಿ, ಸೋರುವ ಪೈಪುಗಳಿಗೆ ಸುತ್ತುವ ಅಗಲವಾದ ಬ್ಯುಟೈಲ್ ಟೇಪನ್ನು ತೂತುಗಳೂ ಮುಚ್ಚುವಂತೆ ಬಿರುಕಿನ ಮೇಲೆ ಒತ್ತಿ ಅಂಟಿಸಿ, ಅದರ ಮೇಲೆ ಮಣೆ ಅಥವಾ ದಪ್ಪ ಹಲಗೆಯ ತುಂಡು ಇಟ್ಟು ಸ್ನಾನ ಮಾಡಿರಿ. ನಿಪ್ಪಾಣಿ ದಾಟಿ ಊರು ಮುಟ್ಟಿ ಮರಳಿ ಬರುವವರೆಗೆ ಅದು ತಡೆಯುತ್ತದೆ. ಮರಳಿದ ವಾರದಲ್ಲೇ ಟೇಪನ್ನು ಕಿತ್ತು, ಟ್ರೇಯನ್ನು ಎತ್ತಿ ಅಡಿಯ ಪ್ಲೈವುಡ್ಡಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿರಿ.